ಪಂಕ್ತಿ ಎದ್ದ ಮೇಲೆ ಎಲೆ ತೆಗೆಯುವವರು ಯಾರು?

ಕಳೆದ ಸುಗ್ಗಿಯ ಒಂದು ಗುರುವಾರ. ರಾತ್ರಿ ಒಂಬತ್ತರ ಸುಮಾರಿಗೆ ಫೋನ್ ಬಂತು. ಬ್ಯಾಡಗಿ ಪೇಟೆಗೆ ಮೆಣಸಿನಕಾಯಿ ತಂದಿದ್ದ ಒಬ್ಬ ಹಿರಿಯರು. ಹೆಸರು ಬೇಡ, ಕಾಕಾ ಅನ್ನೋಣ. ನಮ್ಮ ಪುಟದ ಹಳೆಯ ಓದುಗರು.

"ತಮ್ಮಾ, ಸೋಮವಾರ ನಿಮ್ಮ ಪುಟದಾಗ ಕಡ್ಡಿ ರೇಟು ನೋಡೇನಿ. ಅದನ್ನ ನಂಬಿ ಕೋಲ್ಡ್ ಸ್ಟೋರೇಜಿಂದ ಮಾಲು ತಗಸಿ ಇವತ್ತ ಪ್ಯಾಟಿಗಿ ತಂದ್ನಿ. ಆ ರೇಟಿನ ಹತ್ರಾನೂ ಇಲ್ಲಪಾ."

ನಾವು ಏನು ಹೇಳಿದೆವು ಗೊತ್ತೇ? "ಕಾಕಾ, ನೀವು ಡಬ್ಬಿ ರೇಟು ನೋಡಿ ಕಡ್ಡಿ ಅಂತ ತಿಳಕೊಂಡಿರಬೇಕು ನೋಡ್ರಿ" ಅಂದೆವು. ಫೋನಿನ ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ನಲವತ್ತು ವರ್ಷ ಮೆಣಸಿನಕಾಯಿ ಬೆಳದೇನಿ. ಕಡ್ಡಿ ಯಾವ್ದು ಡಬ್ಬಿ ಯಾವ್ದು ಅಂತ ನಂಗ ನೀ ಹೇಳ್ತೀ?" ಅಂದು ಫೋನ್ ಇಟ್ಟರು.

ಈ ಬರಹ ಆ ಫೋನಿನ ಕಥೆ. ಜೊತೆಗೆ ನಿಮ್ಮ ಫೋನು ಕೆಲವು ಪುಟ ತೆರೆದಾಗ ಯಾಕೆ ಬಿಸಿಯಾಗುತ್ತದೆ, ಯಾಕೆ ಪರದೆ ಬೂದು ಬಣ್ಣಕ್ಕೆ ತಿರುಗಿ ಎಷ್ಟು ಒತ್ತಿದರೂ ಮಿಸುಕುವುದಿಲ್ಲ ಅನ್ನುವುದೂ ಇದರಲ್ಲೇ ಬರುತ್ತದೆ. ಬರೆಯುವ ಕೈ ಒಂದೇ. ಆದರೆ ತಪ್ಪು ನಾಲ್ವರದು, ಅದಕ್ಕೆ ನಾವು ಅಂತಲೇ ಬರೆಯುತ್ತೇವೆ.

ನಾವು ನಾಲ್ವರೂ ಪತ್ರಿಕೋದ್ಯಮ ಡಿಪ್ಲೊಮಾ ಮಾಡಿ ಊರಿಗೆ ಮರಳಿದವರು. ಒಬ್ಬರು ಜಿಲ್ಲೆಯ ಸುದ್ದಿಯನ್ನು ಪತ್ರಿಕೆಗಳಿಗೆ ಕಳಿಸಿ, ಅಚ್ಚಾದ ಸುದ್ದಿಗೆ ಇಷ್ಟು ಅಂತ ದುಡ್ಡು ಪಡೆಯುವ ಸ್ಟ್ರಿಂಜರು. ಅದೇ ಈ ಬರೆಯುವ ಕೈ. ಒಬ್ಬ ಗೆಳತಿ ಬರಹ ತಿದ್ದುತ್ತಾಳೆ. ಒಬ್ಬ ಫೋಟೊ ತೆಗೆಯುತ್ತಾನೆ. ಎಲ್ಲರಿಗಿಂತ ಚಿಕ್ಕವನೊಬ್ಬ ವೆಬ್ ಕೆಲಸ ಕಲಿತಿದ್ದಾನೆ, ಅದೂ ಫೋನಿನಲ್ಲಿ ವಿಡಿಯೊ ನೋಡಿ ನೋಡಿ. ಧಾರಣೆ ಪುಟ ಕಟ್ಟಿದ್ದು ಅವನು. ಬೇಕು ಬೇಕು ಅಂತ ಅದರಲ್ಲಿ ತುಂಬಿಸಿದ್ದು ನಾವು ಮೂವರು.

ಬ್ಯಾಡಗಿ ಪೇಟೆಯ ಬಗ್ಗೆ ನಿಮಗೆ ಹೇಳಬೇಕಿಲ್ಲ. ಸೋಮವಾರ, ಗುರುವಾರ ಟೆಂಡರ್. ಕಡ್ಡಿ ಉದ್ದಕ್ಕೆ, ತೆಳ್ಳಗೆ, ಸುಕ್ಕು ಸುಕ್ಕಾಗಿ ಇರುತ್ತದೆ. ಡಬ್ಬಿ ಗಿಡ್ಡ, ದುಂಡಗೆ, ಬಣ್ಣ ಹೆಚ್ಚು. ಸಾಮಾನ್ಯವಾಗಿ ಡಬ್ಬಿಗೆ ರೇಟು ಜಾಸ್ತಿ. ಇವೆರಡರ ಜೊತೆಗೆ ಗುಂಟೂರು ತಳಿಯೂ ಬರುತ್ತದೆ. ನಮ್ಮ ಪುಟದಲ್ಲಿ ಈ ಮೂರಕ್ಕೂ ಒಂದೊಂದು ಬಟನ್. ಒತ್ತಿದರೆ ಆ ತಳಿಯ ಕನಿಷ್ಠ, ಗರಿಷ್ಠ, ಮಾದರಿ ದರ ಕಾಣುತ್ತದೆ. ಟೆಂಡರ್ ತೆರೆದ ಮೇಲೆ ಪೇಟೆಯಿಂದಲೇ ನಾವು ಫೋನಿನಲ್ಲಿ ಅಂಕಿ ಹಾಕುತ್ತೇವೆ. ಪುಟ ನಿಮಿಷಕ್ಕೊಮ್ಮೆ ತಾನೇ ಕೇಳಿ ಹೊಸ ಅಂಕಿ ತೋರಿಸುತ್ತದೆ.

ಆ ಗುರುವಾರ ರಾತ್ರಿ ನಾವು ಪುಟ ತೆರೆದೆವು, ಕಡ್ಡಿ ಒತ್ತಿದೆವು, ಸರಿಯಾದ ರೇಟೇ ಬಂತು. ಸೋಮವಾರ ನಾವು ಹಾಕಿದ ಅಂಕಿಗಳನ್ನೂ ನೋಡಿದೆವು. ಅವೂ ಸರಿ ಇದ್ದವು. ಮುದುಕರ ಕಣ್ಣು ಅಂತ ಮಾತಾಡಿಕೊಂಡು ಮಲಗಿದೆವು.

ಶುಕ್ರವಾರ ಬೆಳಿಗ್ಗೆ ಕಾಕಾನ ಮೊಮ್ಮಗಳು ವಾಟ್ಸಾಪಿಗೆ ಒಂದು ಸ್ಕ್ರೀನ್‌ಶಾಟ್ ಕಳಿಸಿದಳು. ಸೋಮವಾರ ಸಂಜೆ ಅಜ್ಜ ಹೇಳಿದ್ದಕ್ಕೆ ತೆಗೆದು ತನ್ನ ಮಾವನಿಗೆ ಕಳಿಸಿದ್ದಂತೆ. ಮೇಲೆ ದೊಡ್ಡ ಅಕ್ಷರದಲ್ಲಿ "ಬ್ಯಾಡಗಿ ಕಡ್ಡಿ" ಅಂತ ಇದೆ. ಕೆಳಗಿನ ಅಂಕಿ ಡಬ್ಬಿಯದು. ಒಂದು ಅಂಕಿಯೂ ಆಚೀಚೆ ಇಲ್ಲ.

ಆ ಚಿತ್ರ ನೋಡಿ ನಾಲ್ವರ ಬಾಯಿಯೂ ಒಣಗಿತು. ಪತ್ರಿಕೆಯಲ್ಲಿ ತಪ್ಪಾದರೆ ಕಾಗದ ಉಳಿದಿರುತ್ತದೆ, ಓದುಗರು ತಂದು ಮುಖಕ್ಕೆ ಹಿಡಿಯಬಹುದು. ಇಲ್ಲಿ ಆ ಹುಡುಗಿ ಚಿತ್ರ ತೆಗೆಯದಿದ್ದರೆ ಕಾಕಾ ಸುಳ್ಳುಗಾರರಾಗಿ ಉಳಿಯುತ್ತಿದ್ದರು.

ಕಾಕಾಗೆ ಆದ ನಷ್ಟವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕೋಲ್ಡ್ ಸ್ಟೋರೇಜಿನಲ್ಲಿ ಇಟ್ಟ ಮಾಲಿನ ಬಣ್ಣ ಕೆಡುವುದಿಲ್ಲ, ರೇಟು ಬರುವ ತನಕ ಕಾಯಬಹುದು. ಒಮ್ಮೆ ಹೊರಗೆ ತೆಗೆದರೆ ಹಮಾಲಿ, ಟೆಂಪೊ ಬಾಡಿಗೆ. ಮತ್ತೆ ಒಳಗಿಡಬೇಕೆಂದರೆ ಅದೇ ಖರ್ಚು ಎರಡನೇ ಸಲ. ಅದಕ್ಕೇ ಅವರು ಬಂದ ರೇಟಿಗೆ ಕೊಟ್ಟು ಹೋಗಿದ್ದರು. ಇನ್ನೆರಡು ತಿಂಗಳು ಕಾಯುವ ಲೆಕ್ಕದಲ್ಲಿ ಇಟ್ಟ ಮಾಲು ಅದು.

ನಮ್ಮ ಹುಡುಗ ಮೂರು ದಿನ ಕೂತ. ನಾವೂ ಪಕ್ಕದಲ್ಲಿ ಕೂತೆವು. ಅರ್ಥವಾಗಲಿ ಬಿಡಲಿ, ಏನಾಯಿತು ಅಂತ ಓದುಗರಿಗೆ ಹೇಳುವ ಹೊಣೆ ನಮ್ಮ ಮೇಲಿತ್ತಲ್ಲ.

ತಿಳಿದಿದ್ದು ಇಷ್ಟು.

ಪುಟದಲ್ಲಿ ಒಂದು ಬಟನ್ ಒತ್ತಿದಾಗ ಎರಡು ರೀತಿಯಲ್ಲಿ ಕೆಲಸ ನಡೆಯಬಹುದು. ಒಂದು, ಇಡೀ ಪುಟವನ್ನೇ ಎಸೆದು ಹೊಸದು ತರುವುದು. ಹಳೆಯ ಕಾಲದ ಪುಟಗಳೆಲ್ಲ ಹೀಗೇ ಇದ್ದವು. ನಿಧಾನ, ನೆಟ್ ಜಾಸ್ತಿ ತಿನ್ನುತ್ತದೆ. ಆದರೆ ಪ್ರತಿ ಸಲ ಮನೆ ಕೆಡವಿ ಹೊಸದಾಗಿ ಕಟ್ಟಿದ ಹಾಗೆ ಇರುವುದರಿಂದ ಹಳೆಯ ಕಸ ಉಳಿಯುವುದಿಲ್ಲ. ಇನ್ನೊಂದು, ಪುಟ ಹಾಗೇ ಇದ್ದು ನಡುವಿನ ಭಾಗವನ್ನು ಮಾತ್ರ ಬದಲಿಸುವುದು. ನಮ್ಮ ಹಳ್ಳಿಗಳಲ್ಲಿ ಸಿಗ್ನಲ್ ಒಂದು ಗೆರೆ ಇದ್ದರೆ ಪುಣ್ಯ, ಅದಕ್ಕೆ ನಾವು ಎರಡನೆಯದನ್ನು ಆರಿಸಿದ್ದೆವು. ಡೇಟಾ ಉಳಿಯಿತು. ಆದರೆ ಕಸ ಗುಡಿಸುವ ಕೆಲಸ ನಮ್ಮ ತಲೆಗೆ ಬಂತು, ಅದು ನಮಗೆ ಗೊತ್ತೇ ಇರಲಿಲ್ಲ.

ಮದುವೆ ಊಟದ ಪಂಕ್ತಿ ನೆನಪಿಸಿಕೊಳ್ಳಿ. ಮೊದಲ ಪಂಕ್ತಿ ಎದ್ದ ಮೇಲೆ ಯಾರಾದರೂ ಬಂದು ಎಂಜಲೆಲೆ ತೆಗೆದು, ನೆಲ ಒರೆಸಿ, ಹೊಸ ಎಲೆ ಹಾಕುತ್ತಾರೆ. ಆಮೇಲೆ ಎರಡನೇ ಪಂಕ್ತಿ. ನಮ್ಮ ಪುಟದಲ್ಲಿ ಬಡಿಸುವವರಿದ್ದರು, ಎಲೆ ತೆಗೆಯುವವರು ಇರಲಿಲ್ಲ.

ಈಗ ಪ್ಲಗಿನ್ ಅನ್ನುವ ಪದ ಬರುತ್ತದೆ. ಜಾರುವ ಫೋಟೊಗಳು, ತಟ್ಟನೆ ಏಳುವ ಪೆಟ್ಟಿಗೆ, ತಾರೀಖು ಆರಿಸುವ ಕ್ಯಾಲೆಂಡರು, ನಕ್ಷೆ, ಗ್ರಾಫು. ಇವನ್ನೆಲ್ಲ ಪ್ರತಿಯೊಬ್ಬರೂ ಹೊಸದಾಗಿ ಬರೆಯುವುದಿಲ್ಲ. ಯಾರೋ ಬರೆದು ಪುಕ್ಕಟೆ ಇಟ್ಟಿರುತ್ತಾರೆ, ತಂದು ಸಿಕ್ಕಿಸಿದರೆ ಆಯಿತು. ಶಾಮಿಯಾನದವರಿಂದ ಬಾಡಿಗೆಗೆ ಕುರ್ಚಿ, ಮೈಕ್, ಲೈಟು ತಂದ ಹಾಗೆ. 2006ರಲ್ಲಿ ಜಾನ್ ರೆಸಿಗ್ ಅನ್ನುವವರು ಜೆಕ್ವೆರಿ ಅನ್ನುವ ಸಾಧನವನ್ನು ಹೊರಗೆ ಬಿಟ್ಟ ಮೇಲೆ ಇಂಥ ಪ್ಲಗಿನ್‌ಗಳ ಜಾತ್ರೆಯೇ ಆಯಿತು. ಮರುವರ್ಷ ಅದೇ ಬಳಗದಿಂದ ಜೆಕ್ವೆರಿ ಯುಐ ಬಂತು. ನಮ್ಮ ಹುಡುಗ ಕಲಿತಿದ್ದೂ ಅದೇ ದಾರಿ. ಪೇಟೆಯ ದೊಡ್ಡ ಕಂಪನಿಗಳ ಹುಡುಗರು ಇದನ್ನು ಹಳತು ಅಂತ ನಗುತ್ತಾರೆ. ನಗಲಿ. ನಾವು ನೀವು ದಿನಾ ತೆರೆಯುವ ಎಷ್ಟೋ ಪುಟಗಳ ಹೊಟ್ಟೆಯಲ್ಲಿ ಇವತ್ತಿಗೂ ಅದೇ ಇದೆ.

ಪ್ಲಗಿನ್ ಸಿಕ್ಕಿಸಿದಾಗ ಅದು ಕಣ್ಣಿಗೆ ಕಾಣುವ ಜಾಗದಲ್ಲಿ ಮಾತ್ರ ಕೂರುವುದಿಲ್ಲ, ಪುಟದ ಮೂಲೆಮೂಲೆಗೂ ಕೈ ಚಾಚುತ್ತದೆ. ನೀವು ಬೆರಳಿಂದ ಪುಟ ಸರಿಸಿದರೆ ನನಗೆ ಹೇಳು ಅಂತ ಕಿಟಕಿಗೆ ಒಂದು ಕಿವಿ ಕಟ್ಟಿರುತ್ತದೆ. ನಾಲ್ಕು ಸೆಕೆಂಡಿಗೊಮ್ಮೆ ಎಬ್ಬಿಸು ಅಂತ ಗಡಿಯಾರಕ್ಕೆ ಹೇಳಿರುತ್ತದೆ. ಪುಟದ ತುದಿಯಲ್ಲಿ ತನಗೆ ಬೇಕಾದ ಒಂದು ಪರದೆ ತೂಗುಹಾಕಿರುತ್ತದೆ. ನಾವು ನಡುವಿನ ಭಾಗವನ್ನು ಅಳಿಸಿದಾಗ ಕುರ್ಚಿಗಳೇನೋ ಹೋದವು. ಕಿವಿ, ಗಡಿಯಾರ, ಪರದೆ ಹಾಗೇ ಉಳಿದವು.

ಹೊಲದ ಮಾತಿನಲ್ಲಿ ಹೇಳಬೇಕೆಂದರೆ, ಪಂಪ್‌ಸೆಟ್ಟಿನ ಆಟೊ ಸ್ಟಾರ್ಟರ್. ಲಾವಣಿಗೆ ಮಾಡಿದವನು ಹೊಲ ಬಿಟ್ಟು ಹೋದ. ಹೋಗುವಾಗ ಸ್ಟಾರ್ಟರ್ ಬಂದ್ ಮಾಡಲಿಲ್ಲ. ಹೊಸಬನು ಬಂದು ಮೆಣಸಿನ ಸಸಿ ಹಚ್ಚಿದ. ರಾತ್ರಿ ಕರೆಂಟು ಬಂದಾಗೆಲ್ಲ ಹಳೆಯವನ ಸ್ಟಾರ್ಟರ್ ತಾನೇ ಶುರುವಾಗಿ ಹೊಸಬನ ಹೊಲಕ್ಕೆ ನೀರು ನುಗ್ಗಿತು.

ಕಾಕಾನ ಫೋನಿನಲ್ಲಿ ಆಗಿದ್ದು ಅಕ್ಷರಶಃ ಇದೇ. ಅವರು ಮೊದಲು ಡಬ್ಬಿ ಒತ್ತಿದ್ದರು, ಡಬ್ಬಿಯ ಗಡಿಯಾರ ಶುರುವಾಯಿತು. ನಿಮಿಷಕ್ಕೊಮ್ಮೆ ಡಬ್ಬಿಯ ರೇಟು ಕೇಳು, ತಂದು "ದರ" ಅನ್ನುವ ಹೆಸರಿನ ಪೆಟ್ಟಿಗೆಗೆ ಹಾಕು, ಇದು ಅದರ ಕೆಲಸ. ಆಮೇಲೆ ಕಡ್ಡಿ ಒತ್ತಿದರು. ಡಬ್ಬಿಯ ಪೆಟ್ಟಿಗೆ ಅಳಿಸಿ ಕಡ್ಡಿಯ ಪೆಟ್ಟಿಗೆ ಬಂತು. ಅದರ ಹೆಸರೂ "ದರ"ವೇ. ಡಬ್ಬಿಯ ಗಡಿಯಾರ ಸತ್ತಿರಲಿಲ್ಲ. ನಿಮಿಷ ತುಂಬಿದಾಗ ಅದು ಎದ್ದು, ಡಬ್ಬಿಯ ರೇಟು ತಂದು, "ದರ" ಎಲ್ಲಿದೆ ಅಂತ ಹುಡುಕಿ, ಕಡ್ಡಿಯ ಹೆಸರಿನ ಕೆಳಗೆ ಇಟ್ಟು ಮಲಗಿತು. ಕಡ್ಡಿಯ ಗಡಿಯಾರವೂ ತನ್ನ ಪಾಳಿ ಬಂದಾಗ ಸರಿ ಅಂಕಿ ಇಡುತ್ತಿತ್ತು. ಹೀಗೆ ಒಂದು ಪೆಟ್ಟಿಗೆಗೆ ಇಬ್ಬರು ಯಜಮಾನರು. ಕಾಕಾ ಕಣ್ಣು ಹಾಯಿಸಿದ ಗಳಿಗೆಯಲ್ಲಿ ಡಬ್ಬಿಯವನ ಪಾಳಿ ಇತ್ತು.

ಗುರುವಾರ ರಾತ್ರಿ ನಾವು ನೋಡುವಾಗ ನೇರವಾಗಿ ಕಡ್ಡಿ ಒತ್ತಿದ್ದೆವು. ಅದಕ್ಕೇ ನಮಗೆ ಸರಿ ಕಂಡಿತು. ಕಾಕಾ ಒತ್ತಿದ ಕ್ರಮದಲ್ಲಿ ಒತ್ತಿದ್ದರೆ ಎರಡು ನಿಮಿಷದಲ್ಲಿ ತಪ್ಪು ಸಿಗುತ್ತಿತ್ತು. ನೀವು ಏನೇನು ಒತ್ತಿದಿರಿ ಕಾಕಾ ಅಂತ ಕೇಳುವುದು ಬಿಟ್ಟು, ನೀವು ತಪ್ಪು ಓದಿದಿರಿ ಅಂದೆವು. ವರದಿಗಾರರಿಗೆ ಡಿಪ್ಲೊಮಾದ ಮೊದಲ ವಾರದಲ್ಲೇ ಕಲಿಸುವ ಪಾಠ ಅದು, ಮೊದಲು ಕೇಳು ಅಂತ.

ಹುಡುಗ ಹಳೆಯದೊಂದು ಫೋನನ್ನು ವೈರಿನಿಂದ ಲ್ಯಾಪ್‌ಟಾಪಿಗೆ ಸಿಕ್ಕಿಸಿದ. ಕ್ರೋಮ್ ಬ್ರೌಸರಿನಲ್ಲಿ ಒಂದು ಸೌಲಭ್ಯ ಇದೆ, ಫೋನಿನೊಳಗಿನ ಪುಟವನ್ನು ಲ್ಯಾಪ್‌ಟಾಪಿನಿಂದಲೇ ಬಿಚ್ಚಿ ನೋಡಬಹುದು. ಅದರಲ್ಲಿ ಮೆಮೊರಿಯ ಫೋಟೊ ತೆಗೆಯುವ ಬಟನ್ ಕೂಡ ಇದೆ, ಹೀಪ್ ಸ್ನ್ಯಾಪ್‌ಶಾಟ್ ಅನ್ನುತ್ತಾರೆ. ಮೊದಲು ಒಂದು ಫೋಟೊ. ಆಮೇಲೆ ಕಡ್ಡಿ, ಡಬ್ಬಿ, ಕಡ್ಡಿ, ಡಬ್ಬಿ ಅಂತ ಹತ್ತು ಸಲ ಒತ್ತಿ ಮತ್ತೊಂದು ಫೋಟೊ. ಹುಡುಕುವ ಪೆಟ್ಟಿಗೆಯಲ್ಲಿ "ಡಿಟ್ಯಾಚ್ಡ್" ಅಂತ ಬರೆದರೆ, ಪುಟದಿಂದ ಕಿತ್ತುಹೋದರೂ ಮೆಮೊರಿಯಲ್ಲಿ ಉಳಿದ ತುಂಡುಗಳೆಲ್ಲ ಸಾಲಾಗಿ ಬರುತ್ತವೆ.

ಬಂದವು ನೋಡ್ರಿ! ಕೆಳಗೆ ಇಳಿಸಿದಷ್ಟೂ ಇವೆ. ಫೋಟೊ ಜಾರಿಸುವ ಪ್ಲಗಿನ್ನು ಹತ್ತು ಸಲ ಹುಟ್ಟಿತ್ತು, ಒಂದು ಸಲವೂ ಸತ್ತಿರಲಿಲ್ಲ. ಒಂದು ಕಣ್ಣ ಮುಂದೆ, ಉಳಿದವು ಕತ್ತಲಲ್ಲಿ ಕೂತು ಯಾರಿಗೂ ಕಾಣದ ಫೋಟೊಗಳನ್ನು ಜಾರಿಸುತ್ತಲೇ ಇದ್ದವು. ಫೋನು ಬಿಸಿಯಾಗದೆ ಏನು ಮಾಡೀತು? "ನಿಮ್ಮ ಪುಟ ತಗದ್ರ ಚಾರ್ಜ್ ನಿಲ್ಲೂದಿಲ್ಲ" ಅಂತ ಎಷ್ಟೋ ಜನ ನಮಗೆ ಹೇಳಿದ್ದರು. ಎಲ್ಲರಿಗೂ ನಾವು ಕೊಟ್ಟ ಉತ್ತರ ಒಂದೇ, ನಿಮ್ಮ ಫೋನು ಹಳತಾಗಿದೆ ಅಂತ.

ಇಲ್ಲಿ ಒಂದು ಮಾತು. ಬ್ರೌಸರಿಗೆ ತನ್ನದೇ ಕಸ ಗುಡಿಸುವವನಿದ್ದಾನೆ. ಯಾರಿಗೂ ಬೇಡವಾದ ವಸ್ತುವನ್ನು ಅವನೇ ಎತ್ತಿ ಹಾಕುತ್ತಾನೆ. ಆದರೆ ಬೇಡವಾಗಿದೆ ಅಂತ ಅವನಿಗೆ ಗೊತ್ತಾಗುವುದು ಅದನ್ನು ಯಾರೂ ಹಿಡಿದುಕೊಂಡಿಲ್ಲ ಅಂದಾಗ ಮಾತ್ರ. ಓಡುತ್ತಿರುವ ಗಡಿಯಾರ ಆ ಹಳೆಯ ಫೋಟೊಗಳ ಕೈ ಹಿಡಿದುಕೊಂಡೇ ಇದೆ. ಇನ್ನೂ ಬೇಕೇನೋ ಅಂತ ಅವನು ಮುಟ್ಟುವುದಿಲ್ಲ. ಗುಡಿಸುವವನು ತಪ್ಪು ಮಾಡಲಿಲ್ಲ, ಹಿಡಿದ ಕೈ ಬಿಡಿಸಬೇಕಾದವರು ನಾವು.

ಮೊದಲು ಇನ್ನೂ ಕಷ್ಟವಿತ್ತಂತೆ. 2001ರಲ್ಲಿ ಬಂದ ಇಂಟರ್ನೆಟ್ ಎಕ್ಸ್‌ಪ್ಲೋರರ್ 6ರಲ್ಲಿ ಪುಟದ ತುಂಡು ಮತ್ತು ಅದರ ಕೆಲಸ ಮಾಡುವ ಕೋಡು ಒಂದನ್ನೊಂದು ಹಿಡಿದುಕೊಂಡರೆ ಆ ಗಂಟು ಬಿಚ್ಚಲು ಬ್ರೌಸರಿಗೇ ಬರುತ್ತಿರಲಿಲ್ಲ. ಪುಟ ಬಿಟ್ಟು ಹೋದರೂ ಮೆಮೊರಿ ಮರಳಿ ಸಿಗುತ್ತಿರಲಿಲ್ಲ. ಈಗಿನ ಬ್ರೌಸರುಗಳು ಆ ಗಂಟನ್ನು ತಾವೇ ಬಿಚ್ಚುತ್ತವೆ. ಗಡಿಯಾರ, ಕಿವಿಗಳ ಗಂಟು ಮಾತ್ರ ಇವತ್ತಿಗೂ ಬರೆದವರದೇ ಕೆಲಸ.

ಬೂದು ಪರದೆಯ ಗುಟ್ಟೂ ಅವತ್ತೇ ಸಿಕ್ಕಿತು. ಬೂಟ್‌ಸ್ಟ್ರಾಪ್ ಅನ್ನುವ ಸಾಧನದಲ್ಲಿ ತಟ್ಟನೆ ಏಳುವ ಪೆಟ್ಟಿಗೆಯೊಂದಿದೆ, ಮೋಡಲ್ ಅಂತ. ಅದು ಎದ್ದಾಗ ಹಿಂದೆ ಬೂದು ಪರದೆ ಇಳಿಬಿಡುತ್ತದೆ, ಪುಟ ಸರಿಯದಂತೆ ಚಿಲಕವನ್ನೂ ಹಾಕುತ್ತದೆ. ಮುಚ್ಚು ಅಂತ ಒತ್ತಿದರೆ ಎರಡನ್ನೂ ತೆಗೆಯುತ್ತದೆ. ಆದರೆ ಓದುಗರು ಮುಚ್ಚದೆ, ಆ ಪೆಟ್ಟಿಗೆಯೊಳಗಿನ ಕೊಂಡಿಯನ್ನೇ ಒತ್ತಿ ಬೇರೆ ಭಾಗಕ್ಕೆ ಹೋದರೆ? ನಾವು ಪೆಟ್ಟಿಗೆಯನ್ನು ಅಳಿಸಿದೆವು. ಪರದೆ, ಚಿಲಕ ಇದ್ದದ್ದು ಪುಟದ ಬುಡದಲ್ಲಿ, ಅವು ಉಳಿದವು. ಓದುಗರು ಬೂದು ಪರದೆಯ ಹಿಂದೆ ಸುದ್ದಿ ಕಾಣುತ್ತಾ, ಮುಟ್ಟಲು ಆಗದೆ, ಫೋನನ್ನು ಆರಿಸಿ ಹೊತ್ತಿಸಿ ಮಾಡುತ್ತಿದ್ದರು. ನಿಮಗೂ ಬೇರೆ ಪುಟಗಳಲ್ಲಿ ಹೀಗಾದರೆ ಫೋನು ಆರಿಸಬೇಕಿಲ್ಲ. ಬೆರಳಿಂದ ಕೆಳಗೆ ಎಳೆದು ಪುಟವನ್ನು ಹೊಸದಾಗಿ ತೆರೆಯಿರಿ. ಅದಕ್ಕೂ ಜಗ್ಗದಿದ್ದರೆ ಮೂರು ಚುಕ್ಕೆ ಒತ್ತಿ ರಿಫ್ರೆಶ್ ಕೊಡಿ. ಮನೆ ಕೆಡವಿ ಕಟ್ಟಿದ ಹಾಗೆ, ಪರದೆ ಹೋಗುತ್ತದೆ.

ಹಾಗಾದರೆ ಎಲೆ ತೆಗೆಯುವವರು ಯಾರು? ಪ್ಲಗಿನ್ ಬರೆದವರೋ, ತಂದು ಸಿಕ್ಕಿಸಿದವರೋ? ನಮ್ಮಲ್ಲಿ ಇದರ ಮೇಲೆ ಜೋರು ಜಗಳವೇ ಆಯಿತು. ಗೆಳತಿ ಹೇಳಿದಳು, ಪಾತ್ರೆ ಬಾಡಿಗೆಗೆ ಕೊಟ್ಟವರು ತೊಳೆದು ಕೊಡಿ ಅಂತ ಹೇಳಿಯೇ ಕೊಟ್ಟಿರುತ್ತಾರೆ, ನೀವು ಚೀಟಿ ಓದಿಲ್ಲ. ಅವಳ ಮಾತೇ ನಿಜವಾಯಿತು. ಒಳ್ಳೆಯ ಪ್ಲಗಿನ್‌ಗಳಿಗೆಲ್ಲ ಬಿಚ್ಚುವ ಕ್ರಮವೂ ಇರುತ್ತದೆ, ಅದನ್ನು ವಿವರಣೆ ಪುಟದಲ್ಲಿ ಬರೆದಿಟ್ಟಿರುತ್ತಾರೆ. ನಾವು ಸಿಕ್ಕಿಸುವುದು ಹೇಗೆ ಅನ್ನುವ ತನಕ ಓದಿ ಮುಚ್ಚಿದ್ದೆವು. ಉದ್ಘಾಟನೆಗೆ ಬಂದು ಟೇಪು ಕತ್ತರಿಸಿ ಹೋಗುವವರ ಹಾಗೆ.

ಒಂದೊಂದರಲ್ಲಿ ಅದಕ್ಕೆ ಒಂದೊಂದು ಹೆಸರು, ಇದು ಮಾತ್ರ ತಲೆನೋವು. ಜೆಕ್ವೆರಿ ಯುಐನಲ್ಲಿ ಡೆಸ್ಟ್ರಾಯ್. ಬೂಟ್‌ಸ್ಟ್ರಾಪಿನಲ್ಲಿ ಮೊದಲು ಡೆಸ್ಟ್ರಾಯ್ ಇತ್ತು, ನಾಲ್ಕನೇ ಆವೃತ್ತಿಯಿಂದ ಡಿಸ್ಪೋಸ್. ಲೀಫ್‌ಲೆಟ್ ಅನ್ನುವ ನಕ್ಷೆಯಲ್ಲಿ ರಿಮೂವ್. ಗ್ರಾಫ್ ಬಿಡಿಸುವ ಚಾರ್ಟ್ ಜೆಎಸ್‌ನಲ್ಲಿ ಮತ್ತೆ ಡೆಸ್ಟ್ರಾಯ್. ಚಾರ್ಟ್ ಜೆಎಸ್ ಸ್ವಲ್ಪ ಖಡಕ್ಕು, ಹಳೆಯ ಗ್ರಾಫ್ ಬಿಚ್ಚದೆ ಅದೇ ಹಲಗೆಯ ಮೇಲೆ ಹೊಸದು ಬಿಡಿಸಲು ಹೋದರೆ, ಮೊದಲಿನದನ್ನು ತೆಗೆ ಅಂತ ಬೈದು ನಿಲ್ಲುತ್ತದೆ. ಎಲ್ಲವೂ ಹೀಗೆ ಬೈದಿದ್ದರೆ ನಮ್ಮ ತಪ್ಪು ಮೊದಲ ದಿನವೇ ಸಿಗುತ್ತಿತ್ತು. ಸುಮ್ಮನಿರುವ ಪ್ಲಗಿನ್ನೇ ಅಪಾಯ.

ಬಿಚ್ಚುವ ಸಾಲು ಬರೆಯುವಾಗಲೂ ಎಡವಿದೆವು. ಹುಡುಗ ಮೊದಲು ಭಾಗವನ್ನು ಅಳಿಸಿ, ಆಮೇಲೆ ಪ್ಲಗಿನ್ನಿಗೆ "ಬಿಚ್ಚಿಕೋ" ಅಂತ ಹೇಳಿದ್ದ. ಅಳಿಸಿದ ಮೇಲೆ ಅಲ್ಲಿ ಯಾರಿದ್ದಾರೆ ಕೇಳಲು? ಕ್ರಮ ಉಲ್ಟಾ ಆಗಬೇಕು. ಪೆಂಡಾಲ್ ಹಾಕುವಾಗ ಮೊದಲು ಕಂಬ, ಆಮೇಲೆ ಬಟ್ಟೆ, ಕೊನೆಗೆ ಲೈಟು. ಬಿಚ್ಚುವಾಗ ಮೊದಲು ಲೈಟು. ಕಂಬವನ್ನೇ ಮೊದಲು ಕಿತ್ತರೆ ಬಟ್ಟೆ ತಲೆ ಮೇಲೆ ಬೀಳುತ್ತದೆ.

ಜೆಕ್ವೆರಿ ಯುಐ ಈ ವಿಷಯದಲ್ಲಿ ಸ್ವಲ್ಪ ಜಾಣ. ಜೆಕ್ವೆರಿಯದೇ ವಿಧಾನದಿಂದ ಒಂದು ಭಾಗವನ್ನು ತೆಗೆದರೆ ಅದರೊಳಗಿನ ಯುಐ ಪ್ಲಗಿನ್‌ಗಳು ತಾವಾಗಿಯೇ ಬಿಚ್ಚಿಕೊಳ್ಳುತ್ತವೆ. ಆದರೆ ಅದರ ಡೈಲಾಗ್ ಪೆಟ್ಟಿಗೆ ಹುಟ್ಟಿದ ಜಾಗದಲ್ಲಿ ಇರುವುದಿಲ್ಲ, ಏಳುವಾಗಲೇ ಪುಟದ ತುದಿಗೆ ಹೋಗಿ ಕೂರುತ್ತದೆ. ಮನೆ ಮಗ ಬೆಂಗಳೂರಿನಲ್ಲಿದ್ದರೆ ಊರಿನ ಮನೆ ಖಾಲಿ ಮಾಡಿದ್ದು ಅವನಿಗೆ ಹೇಗೆ ಗೊತ್ತಾಗಬೇಕು? ಹಾಗಾಗಿ ಅದಕ್ಕೆ ಬೇರೆಯಾಗಿ ಹೇಳಬೇಕು. ನಮ್ಮ ಹುಡುಗ ಅಳಿಸಲು ಜೆಕ್ವೆರಿಯ ವಿಧಾನ ಬಿಟ್ಟು ನೇರ ದಾರಿ ಹಿಡಿದಿದ್ದರಿಂದ, ತಾವಾಗಿ ಬಿಚ್ಚಿಕೊಳ್ಳಬೇಕಾದವೂ ಬಿಚ್ಚಿಕೊಂಡಿರಲಿಲ್ಲ.

ಕಿವಿಗಳಿಗೆ ಹೆಸರಿಡುವುದನ್ನೂ ಕಲಿತೆವು. ಪೇಟೆಯಲ್ಲಿ ಚೀಲದ ಮೇಲೆ ರೈತರ ಗುರುತು, ಲಾಟ್ ನಂಬರ್ ಇಲ್ಲದಿದ್ದರೆ ಯಾರ ಮಾಲು ಯಾರದು ಅಂತ ಹೇಳುವವರಿಲ್ಲ. ಹಾಗೇ ಜೆಕ್ವೆರಿಯಲ್ಲಿ ಕಿವಿ ಕಟ್ಟುವಾಗ ಚುಕ್ಕೆ ಇಟ್ಟು ಒಂದು ಹೆಸರು ಸೇರಿಸಬಹುದು. ಆಮೇಲೆ ಆ ಹೆಸರಿನವೆಲ್ಲ ಹೊರಡಿ ಅಂದರೆ ಅವಷ್ಟೇ ಹೊರಡುತ್ತವೆ, ಬೇರೆಯವರ ಕಿವಿಗೆ ಕೈ ಹೋಗುವುದಿಲ್ಲ. ನಾವು ಅದಕ್ಕೂ ಮೊದಲು ಆತುರದಲ್ಲಿ ಎಲ್ಲ ಕಿವಿಗಳನ್ನೂ ಒಂದೇ ಏಟಿಗೆ ಕಿತ್ತು, ಮೇಲಿನ ಮೆನು ಕೆಲಸ ನಿಲ್ಲಿಸಿ ಅರ್ಧ ದಿನ ಪುಟ ಬಂದ್ ಆಗಿತ್ತು. ಕಂಡಿದ್ದರೆ ಮರೆತುಬಿಡಿ.

ಇಷ್ಟೆಲ್ಲ ಮಾಡಿ ಮುಂದಿನ ಸೋಮವಾರ ಪುಟ ಬಿಟ್ಟೆವು. ಸಂಜೆ ನಮ್ಮ ಫೋಟೊಗ್ರಾಫರ್ ಪೇಟೆಯ ಗದ್ದಲದಲ್ಲಿ ನಿಂತು ಒತ್ತುತ್ತಿದ್ದ. ಅಲ್ಲಿ ನೆಟ್ಟು ಎಳೆಯುತ್ತಿತ್ತು. ಮತ್ತೆ ಕಡ್ಡಿಯ ಕೆಳಗೆ ಡಬ್ಬಿ! ಅವನು ಫೋನ್ ಮಾಡಿ ಬೈದ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ.

ಈ ಸಲ ಗಡಿಯಾರ ಸತ್ತಿತ್ತು. ಆದರೆ ಸಾಯುವ ಮೊದಲೇ ಅದು ಡಬ್ಬಿ ರೇಟು ಕೇಳಿ ಕಾಗದ ಹಾಕಿಬಿಟ್ಟಿತ್ತು. ನೆಟ್ಟು ನಿಧಾನ ಇದ್ದದ್ದರಿಂದ ಉತ್ತರ ಬರುವಷ್ಟರಲ್ಲಿ ಅವನು ಕಡ್ಡಿಗೆ ಬಂದಿದ್ದ. ತಡವಾಗಿ ಬಂದ ಉತ್ತರ ತನ್ನ ಪಾಡಿಗೆ "ದರ" ಪೆಟ್ಟಿಗೆಗೆ ಬಿತ್ತು. ಕಾಗದ ಬರೆದವರು ತೀರಿಕೊಂಡ ಮೇಲೂ ಅಂಚೆಯಣ್ಣ ಉತ್ತರ ತಂದುಕೊಡುತ್ತಾನಲ್ಲ, ಹಾಗೆ. ಹುಡುಗ ಎರಡು ಬೀಗ ಹಾಕಿದ. ಭಾಗ ಬಿಡುವಾಗ ದಾರಿಯಲ್ಲಿರುವ ಕಾಗದವನ್ನೂ ರದ್ದು ಮಾಡುವುದು ಒಂದು. ಬಂದ ಉತ್ತರದ ಮೇಲೆ ತಳಿಯ ಹೆಸರು ಬರೆದಿದ್ದು, ಅದು ತೆರೆ ಮೇಲಿನ ತಳಿಗೆ ಹೊಂದಿದರೆ ಮಾತ್ರ ಒಳಗೆ ಬಿಡುವುದು ಇನ್ನೊಂದು. ನಮ್ಮ ಕೇಳಿದರೆ ಎರಡನೆಯದು ಮೊದಲ ದಿನದಿಂದಲೇ ಇರಬೇಕಿತ್ತು. ಚೀಲದ ಗುರುತು ನೋಡದೆ ಯಾವ ಹಮಾಲನೂ ಅದನ್ನು ಕಂಡಕಂಡ ಲಾಟಿಗೆ ಹಾಕುವುದಿಲ್ಲ.

ಈಗ ಎಲ್ಲ ಕಡೆ ಕೇಳಿಬರುವ ರಿಯಾಕ್ಟ್ ಅನ್ನುವ ಸಾಧನದಲ್ಲಿ ಕಟ್ಟುವ ಕೋಡು ಬರೆದ ಜಾಗದಲ್ಲೇ ಬಿಚ್ಚುವ ಕೋಡನ್ನೂ ಬರೆಯುವ ಪದ್ಧತಿ ಇದೆ. 2022ರಲ್ಲಿ ಬಂದ ಅದರ 18ನೇ ಆವೃತ್ತಿಯಲ್ಲಿ ಇನ್ನೊಂದು ಕುಶಾಲು ಸೇರಿಸಿದ್ದಾರೆ. ಸ್ಟ್ರಿಕ್ಟ್ ಮೋಡ್ ಹಾಕಿಕೊಂಡು ಪುಟ ಕಟ್ಟುತ್ತಿದ್ದರೆ, ಪ್ರತಿ ಭಾಗವನ್ನೂ ಒಮ್ಮೆ ತೆರೆದು, ತಕ್ಷಣ ಮುಚ್ಚಿ, ಮತ್ತೆ ತೆರೆಯುತ್ತದೆ. ಬಿಚ್ಚುವುದು ಮರೆತಿದ್ದರೆ ಅಲ್ಲೇ ಎರಡೆರಡು ಆಗಿ ಕಾಣುತ್ತದೆ. ಎಷ್ಟೋ ಹುಡುಗರು ಇದನ್ನೇ ತಪ್ಪು ಅಂತ ತಿಳಿದು ಆ ಮೋಡನ್ನೇ ಬಂದ್ ಮಾಡುತ್ತಾರಂತೆ. ನಮ್ಮ ಹುಡುಗ ರಿಯಾಕ್ಟ್ ಕಲಿಯುತ್ತೇನೆ ಅಂದ. ಕಲಿ, ಆದರೆ ಸುಗ್ಗಿ ಮುಗಿಯುವ ತನಕ ಪುಟಕ್ಕೆ ಕೈ ಹಚ್ಚಬೇಡ ಅಂದೆವು.

ಫೋಟೊ ಜಾರಿಸುವ ಪ್ಲಗಿನ್ನಿಗೆ ಬಿಚ್ಚುವ ದಾರಿಯೇ ಇರಲಿಲ್ಲ. ಬರೆದವರು ಬರೆದಿರಲಿಲ್ಲ. ಗಡಿಯಾರದ ಕೀಲಿ ಅದರ ಒಳಗೇ ಇತ್ತು, ಹೊರಗಿನಿಂದ ಕೈಗೆ ಸಿಗುತ್ತಿರಲಿಲ್ಲ. ಅದನ್ನೇ ಕಿತ್ತು ಹಾಕಿದೆವು. ಫೋಟೊಗಳು ಈಗ ಒಂದರ ಕೆಳಗೆ ಒಂದು ಸುಮ್ಮನೆ ನಿಂತಿವೆ, ನೀವೇ ಬೆರಳಿಂದ ಸರಿಸಬೇಕು. ಫೋಟೊಗ್ರಾಫರನಿಗೆ ಬೇಜಾರಾಗಿದೆ. ಓದುಗರಲ್ಲಿ ಒಬ್ಬರೂ ಇದುವರೆಗೆ ಕೇಳಿಲ್ಲ.

ತಿದ್ದುಪಡಿಯನ್ನು ಮುಖಪುಟದಲ್ಲೇ ಹಾಕಿದೆವು. ಸೋಮವಾರ ಕಡ್ಡಿ ದರದ ಜಾಗದಲ್ಲಿ ಕೆಲವರಿಗೆ ಡಬ್ಬಿ ದರ ಕಂಡಿದೆ, ತಪ್ಪು ನಮ್ಮದು ಅಂತ. ಎಷ್ಟು ಜನಕ್ಕೆ ಹಾಗೆ ಕಂಡಿತ್ತೋ ಲೆಕ್ಕ ಸಿಗಲಿಲ್ಲ. ತಿದ್ದುಪಡಿ ಓದಿ ಇನ್ನಿಬ್ಬರು ಫೋನ್ ಮಾಡಿದರು. ಅವರು ಮಾಲು ತಂದಿರಲಿಲ್ಲ, ಬರೀ ತಲೆ ಕೆಡಿಸಿಕೊಂಡಿದ್ದರು.

ಆಮೇಲೆ ಕಾಕಾನ ಮನೆಗೆ ಹೋದೆವು, ನಾಲ್ವರೂ. ಹುಡುಗ ಬರುವುದಿಲ್ಲ ಅಂತ ಹಟ ಹಿಡಿದಿದ್ದ. ನೀ ಒಬ್ಬನೇ ಮಾಡಿದ್ದಲ್ಲ ಅಂತ ಕರೆದುಕೊಂಡು ಹೋದೆವು. ಕಾಕಾ ಜಗಲಿ ಮೇಲೆ ಕೂತಿದ್ದರು. ಒಂದೆರಡು ನಿಮಿಷ ಮಳೆ ಬೆಳೆ ಮಾತು. ಆಮೇಲೆ ನಾವು ಲ್ಯಾಪ್‌ಟಾಪ್ ತೆಗೆಯದೆ, ಆಟೊ ಸ್ಟಾರ್ಟರಿನ ಕಥೆ ಹೇಳಿದೆವು. ಅರ್ಧದಲ್ಲೇ ಅವರು, "ಹಾಂ, ಹಿಂದಿನಾಂವ ಬಂದ್ ಮಾಡಲಾರದ ಹೋಗ್ಯಾನ" ಅಂದರು.

"ಹಿಂದಿನಾಂವ ನಾವಽ ಕಾಕಾ" ಅಂತ ಹುಡುಗ ಅಂದ.

"ನಾ ತಪ್ಪು ಓದೇನಿ ಅಂತ ಹೇಳಿದ್ದು ಯಾರ್ರೀ ನಿಮ್ಮೊಳಗ?" ಕಾಕಾ ಕೇಳಿದರು. ಫೋನಿನಲ್ಲಿ ಮಾತಾಡಿದ ಕೈ, ಅಂದರೆ ಈಗ ಬರೆಯುತ್ತಿರುವ ಕೈ, ಮೇಲೆ ಹೋಯಿತು.

ಟೆಂಪೊ ಬಾಡಿಗೆ ನಾವು ಕೊಡುತ್ತೇವೆ ಅಂದೆವು. ಬ್ಯಾಡ ಅನ್ನುತ್ತಾರೆ ಅಂದುಕೊಂಡಿದ್ದೆವೇನೋ. ಅನ್ನಲಿಲ್ಲ. ಲೆಕ್ಕ ಹಾಕಿ ಅರ್ಧ ಇಸಿದುಕೊಂಡರು. "ಇನ್ನರ್ಧ ನನ್ನ ತಪ್ಪು. ಒಂದ ಮಾತು ಪ್ಯಾಟ್ಯಾಗಿನವರನ್ನ ಕೇಳಬೇಕಿತ್ತು." ಆಮೇಲೆ ಮೊಮ್ಮಗಳನ್ನು ಕರೆದು ಚಹಾ ಮಾಡಿಸಿದರು.

ಮೊನ್ನೆ ಸೋಮವಾರ ಸಂಜೆ ಮತ್ತೆ ಫೋನ್ ಬಂತು. ಕಾಕಾನದೇ.

"ತಮ್ಮಾ, ಪುಟ ನೋಡೇನಿ. ಮೊದಲ ಡಬ್ಬಿ ಒತ್ತೇನಿ, ಆಮ್ಯಾಲ ಕಡ್ಡಿ ಒತ್ತೇನಿ, ಐದ ನಿಮಿಷ ಹಂಗಽ ಹಿಡಕೊಂಡ ಕೂತೇನಿ. ಬದಲಾಗಲಿಲ್ಲ."

"ಹೌದ್ರಿ ಕಾಕಾ, ಈಗ ಸರಿ ಆಗೇತ್ರಿ."

"ಆಗಿರಬಹುದಪಾ. ಆದ್ರೂ ಇವತ್ತಿನ ಕಡ್ಡಿ ರೇಟು ಒಂದ ಸಲ ಬಾಯ್ಲೆ ಹೇಳು."

ಹೇಳಿದೆವು.